ಹಳೇ ಆಫ್-ರೋಡ್ ಬೈಕು: ಸ್ಟಾರ್ಟ್ ಮಾಡುವ ಮೊದಲು ಸೀಟು ಬಿಚ್ಚಿ

ಸೆಕೆಂಡ್‌ಹ್ಯಾಂಡ್ ಆಫ್-ರೋಡ್ ಗಾಡಿ ಕೊಳ್ಳಲೆಂದು ನೋಡಲು ಹೋಗಿ "ಎಷ್ಟು ಕಿಲೋಮೀಟರ್ ಓಡಿದೆ" ಎಂದು ಕೇಳಿದರೆ ಉಪಯೋಗವಿಲ್ಲ. ಮೋಟೋಕ್ರಾಸ್ ಗಾಡಿಗೆ (ಟ್ರ್ಯಾಕಿನ ರೇಸಿಗೆಂದೇ ಮಾಡಿದ್ದು) ಮೀಟರೇ ಇರುವುದಿಲ್ಲ. ಎಂಡ್ಯೂರೋ ಗಾಡಿಗೆ (ಕಾಡುದಾರಿಯ ದೂರದ ಓಟಕ್ಕೆ ಮಾಡಿದ್ದು) ಇದ್ದರೂ, ಎಂಜಿನ್ನಿನ ಆಯಸ್ಸನ್ನು ಅಳೆಯುವುದು ಗಂಟೆಯಲ್ಲಿ. ಆ ಅವರ್ ಮೀಟರ್ ಎಂಬುದು ಎಷ್ಟೋ ಗಾಡಿಗಳಲ್ಲಿ ಪ್ಲಗ್ ವೈರಿಗೆ ತಂತಿ ಸುತ್ತಿದ ಒಂದು ಪುಟ್ಟ ಡಬ್ಬಿ, ಅಷ್ಟೇ. ಹೊಸ ಡಬ್ಬಿ ಅಂಟಿಸಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಹಾಗಾಗಿ ನಾನು ಗಂಟೆಯನ್ನು ಕೇಳಿಸಿಕೊಳ್ಳುತ್ತೇನೆ, ನಂಬುವುದು ಮಾತ್ರ ಸವೆತವನ್ನು.

ಹೋಗುವ ಮೊದಲೇ ಫೋನಿನಲ್ಲಿ ಒಂದು ಮಾತು ಹೇಳಿಬಿಡಬೇಕು: ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ, ತೊಳೆಯಲೂ ಬೇಡಿ. ತಣ್ಣಗಿನ ಎಂಜಿನ್ ಹೇಳುವ ಸತ್ಯವನ್ನು ಬಿಸಿ ಎಂಜಿನ್ ಹೇಳುವುದಿಲ್ಲ. ತೊಳೆದ ಗಾಡಿಯಲ್ಲಿ ಎಣ್ಣೆ ಒಸರಿದ ಗುರುತು ಸಿಗುವುದಿಲ್ಲ. ಹೋದ ಕೂಡಲೇ ಮಾತಾಡುತ್ತಲೇ ಎಂಜಿನ್ ಕೇಸಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಎಂದು ಕೇಳಿ.

ಜೊತೆಗೆ ಒಯ್ಯುವುದು ಹೆಚ್ಚೇನಿಲ್ಲ: ಒಳ್ಳೇ ಟಾರ್ಚು, ಬಿಳೀ ಬಟ್ಟೆ ಎರಡು ತುಂಡು, 8 ಮತ್ತು 10 ಮಿ.ಮೀ. ಟಿ-ಸ್ಪ್ಯಾನರ್, ಸ್ಪ್ರಿಂಗ್ ಎಳೆಯುವ ಕೊಕ್ಕೆ, ಒಂದು ಪ್ಲಾಸ್ಟಿಕ್ ಟೈ. ಮುಂದಿನ ಚಕ್ರ ಎತ್ತಲು ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಕ್ರೇಟು ಸಾಕು.

ಮೊದಲು ಸೀಟು ಅಥವಾ ಪಕ್ಕದ ಪ್ಯಾನೆಲ್ ತೆಗೆದು ಏರ್ ಫಿಲ್ಟರ್ ಹೊರಗೆ ಎಳೆಯಿರಿ. ನನ್ನ ಮಟ್ಟಿಗೆ ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ. ಸ್ಪಾಂಜಿನ ಫಿಲ್ಟರಿನಲ್ಲಿ ಎಣ್ಣೆ ಸಮನಾಗಿ ಅಂಟಂಟಾಗಿರಬೇಕು. ಒಣಗಿದ್ದರೆ, ಹಿಂಡಿದಾಗ ಪುಡಿ ಉದುರಿದರೆ, ಅಂಚಿನ ಅಂಟು ಬಿಟ್ಟಿದ್ದರೆ ಧೂಳು ನೇರ ಒಳಗೆ ಹೋಗಿದೆ. ಆದರೆ ಫಿಲ್ಟರನ್ನು ನಿನ್ನೆ ರಾತ್ರಿ ಯಾರು ಬೇಕಾದರೂ ಬದಲಿಸಿರಬಹುದು. ಅದರ ಹಿಂದಿರುವ ರಬ್ಬರ್ ಬೂಟನ್ನು (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಒಳಗಿನಿಂದ ತೊಳೆಯಬೇಕೆಂದು ನೆನಪಾಗುವುದು ತೀರಾ ಕಡಿಮೆ ಜನಕ್ಕೆ. ಬಿಳೀ ಬಟ್ಟೆಯನ್ನು ಬೆರಳಿಗೆ ಸುತ್ತಿ, ಬೂಟಿನ ಒಳಗೆ ಥ್ರಾಟಲ್ ಬಾಡಿಯ ಕಡೆಗೆ ಎಷ್ಟು ದೂರ ಹೋಗುತ್ತದೋ ಅಷ್ಟು ತೂರಿಸಿ ಒಂದು ಸುತ್ತು ಒರೆಸಿ. ಬಟ್ಟೆ ಬಿಳಿಯಾಗಿಯೇ ಬಂದರೆ, ಅಥವಾ ಬರೀ ಎಣ್ಣೆಯ ಬಣ್ಣ ಹತ್ತಿದರೆ, ಮುಂದಕ್ಕೆ ನೋಡೋಣ. ಕಂದು ಬಣ್ಣದ ನುಣುಪು ಪುಡಿ ಬಂತೋ, ಬೆರಳ ನಡುವೆ ಉಜ್ಜಿದಾಗ ಕರಕರ ಅಂದಿತೋ, ಆ ಎಂಜಿನ್ ಮಣ್ಣು ತಿಂದಿದೆ ಎಂದೇ ಅರ್ಥ. ಆ ಧೂಳು ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗು, ಇನ್‌ಟೇಕ್ ವಾಲ್ವಿನ ಸೀಟು (ವಾಲ್ವು ಕೂತು ಮುಚ್ಚುವ ಅಂಚು) ಮೂರನ್ನೂ ಮರಳು ಕಾಗದದ ಹಾಗೆ ತೇಯ್ದಿರುತ್ತದೆ. ಇಂಥ ಗಾಡಿ ಎಷ್ಟೇ ಚೆನ್ನಾಗಿ ಸ್ಟಾರ್ಟ್ ಆದರೂ ಎಂಜಿನ್ ಮೇಲ್ಭಾಗದ ಪೂರ್ತಿ ಖರ್ಚನ್ನು ಬೆಲೆಯಲ್ಲಿ ಕಳೆಯದೆ ನಾನು ಮಾತಾಡುವುದಿಲ್ಲ.

ಏರ್‌ಬಾಕ್ಸಿನ ತಳದಲ್ಲಿ ಒಣಗಿದ ಕೆಸರಿನ ಗೆರೆ ಇದೆಯೇ ಎಂದೂ ನೋಡಿ. ಹೆಡ್‌ಲೈಟ್ ಮುಸುಡಿಯ ಒಳಗೆ, ಸ್ಪೀಡೋಮೀಟರಿನ ಹಿಂದೆ ನುಣುಪು ಮಣ್ಣು ಕೂತಿದ್ದರೆ ಗಾಡಿ ನೀರಲ್ಲಿ ಮುಳುಗಿ ಎದ್ದಿದೆ.

ಇನ್ನು ಸವೆತದ ಲೆಕ್ಕ. ಮಾಲೀಕರು 40 ಗಂಟೆ ಅನ್ನುತ್ತಾರೆ. ಸವಾರನ ಬೂಟು ಉಜ್ಜಿ ಫ್ರೇಮಿನ ಬಣ್ಣ ಹೋಗಿ ಲೋಹ ಹೊಳೆಯುತ್ತಿದೆ, ಕ್ಲಚ್ ಕವರಿನ ಬಣ್ಣ ಅಳಿಸಿದೆ, ಫುಟ್‌ಪೆಗ್ಗಿನ ಹಲ್ಲು ಮೊಂಡಾಗಿದೆ, ಪೆಗ್ಗು ಕೆಳಕ್ಕೆ ಜೋತಿದೆ. ಆಗ 40ರ ಹಿಂದೆ ಇನ್ನೊಂದು ಅಂಕಿ ಬಿಟ್ಟುಹೋಗಿರಬೇಕು. ಹೊಸ ಪ್ಲಾಸ್ಟಿಕ್, ಹೊಸ ಸ್ಟಿಕರ್, ಹೊಸ ಗ್ರಿಪ್ ಇವಕ್ಕೆಲ್ಲ ನಾನು ಬೆಲೆ ಕೊಡುವುದಿಲ್ಲ. ಗಾಡಿಯಲ್ಲಿ ಅತಿ ಅಗ್ಗವಾಗಿ ಹೊಸದು ಮಾಡಬಹುದಾದದ್ದು ಅವೇ.

ಈಗ ಸ್ಟಾರ್ಟ್ ಮಾಡಿ (ಅದಕ್ಕೂ ಮೊದಲು ನೋಡಬೇಕಾದ ರೇಡಿಯೇಟರಿನ ಮಾತು ಕೆಳಗಿದೆ). ಕಿಕ್ಕರ್ ಇದ್ದರೆ ಮೊದಲು ನಿಧಾನವಾಗಿ ಒತ್ತಿ ಕಂಪ್ರೆಶನ್ ಬರುವ ಜಾಗದಲ್ಲಿ ಮೈಭಾರ ಬಿಡಿ. ಒಳ್ಳೇ ಎಂಜಿನ್ ಒಂದು ಗಳಿಗೆ ತಡೆದು ಆಮೇಲೆ ನಿಧಾನಕ್ಕೆ ಜಗ್ಗುತ್ತದೆ. ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಇಳಿದುಹೋದರೆ ಅನುಮಾನಿಸಿ. ಕಂಪ್ರೆಶನ್ ಗೇಜು ಹಾಕುವವರು ಥ್ರಾಟಲ್ ಪೂರ್ತಿ ತೆರೆದು ಮುಳ್ಳು ನಿಲ್ಲುವವರೆಗೆ ಐದಾರು ಕಿಕ್ ಹೊಡೆಯಬೇಕು. ಆದರೆ ಆಟೋ ಡಿಕಂಪ್ರೆಸರ್ (ಸ್ಟಾರ್ಟ್ ಸುಲಭವಾಗಲೆಂದು ಕಂಪ್ರೆಶನ್ನನ್ನು ತಾನಾಗಿ ಸಡಿಲಿಸುವ ವ್ಯವಸ್ಥೆ) ಇರುವ ಫೋರ್-ಸ್ಟ್ರೋಕ್ ಎಂಜಿನ್ ಸರಿಯಿದ್ದರೂ ಗೇಜಿನಲ್ಲಿ ಕಡಿಮೆಯೇ ತೋರಿಸುತ್ತದೆ. ಆ ಅಂಕಿ ನೋಡಿ ಹೆದರುವುದೂ ತಪ್ಪು, ಚೌಕಾಶಿ ಮಾಡುವುದೂ ತಪ್ಪು. ಅಲ್ಲಿ ಬೇಕಿರುವುದು, ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವ ಲೀಕ್‌ಡೌನ್ ಟೆಸ್ಟ್.

ಮೋಟೋಕ್ರಾಸ್ ತಳಿಯ ಫೋರ್-ಸ್ಟ್ರೋಕ್‌ನಲ್ಲಿ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಒದ್ದಾಡುವುದು ಬಹುಪಾಲು ವಾಲ್ವಿನ ಕಥೆ. ಈ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವಿನ ಗ್ಯಾಪು (ವಾಲ್ವಿಗೂ ಅದನ್ನು ಒತ್ತುವ ಕ್ಯಾಮಿಗೂ ನಡುವಿನ ಅಂತರ) 0.10ರಿಂದ 0.15 ಮಿ.ಮೀ. ಆಸುಪಾಸು. ವಾಲ್ವಿನ ಮುಖ ಸವೆದಂತೆ ಅದು ಸೀಟಿನೊಳಗೆ ಮೇಲಕ್ಕೆ ಸರಿಯುತ್ತದೆ, ಗ್ಯಾಪು ಕಡಿಮೆಯಾಗುತ್ತದೆ, ಕೊನೆಗೆ ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಇದಕ್ಕೆ ಶಿಮ್ (ಗ್ಯಾಪು ಹೊಂದಿಸುವ ಪುಟ್ಟ ಲೋಹದ ಬಿಲ್ಲೆ) ಬದಲಿಸುತ್ತಾರೆ. ಒಮ್ಮೆ ಬದಲಿಸಿದರೆ ಸಹಜ. ಪದೇ ಪದೇ ತೆಳು ಶಿಮ್ ಹಾಕುತ್ತಾ ಬಂದಿದ್ದರೆ ಟೈಟೇನಿಯಂ ವಾಲ್ವಿನ ಮೇಲಿನ ಗಟ್ಟಿ ಪದರ ಹೋಗಿದೆ. ಇನ್ನು ಕೆಲವು ಗಂಟೆಗಳಲ್ಲಿ ಅದು ಮತ್ತೆ ಬಿಗಿಯಾಗುತ್ತದೆ. "ಕೊನೇ ಸಲ ಯಾವ ಶಿಮ್ ಹಾಕಿದ್ರಿ?" ಎಂದು ಕೇಳಿ. ಅಂಕಿ ಬರೆದಿಟ್ಟವರ ಗಾಡಿ ಒಂದು ಬಗೆ, "ಮೆಕ್ಯಾನಿಕ್ ಏನೋ ಮಾಡಿದ್ದ" ಎನ್ನುವವರ ಗಾಡಿ ಇನ್ನೊಂದು ಬಗೆ. ಪಿಸ್ಟನ್ ಬಗ್ಗೆಯೂ ಅಷ್ಟೇ. 250 ಸಿಸಿ ಮೋಟೋಕ್ರಾಸ್ ಗಾಡಿಯ ಮ್ಯಾನ್ಯುಯಲ್ಲಿನಲ್ಲಿ ರೇಸ್ ಬಳಕೆಗೆ 15 ಗಂಟೆಗೊಮ್ಮೆ ಪಿಸ್ಟನ್ ಬದಲಿಸಿ ಎಂದು ಬರೆದಿರುವುದುಂಟು. ಸುಮ್ಮನೆ ಕಾಡುದಾರಿಯಲ್ಲಿ ಓಡಿಸುವವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ, ನಿಜ. ಆದರೂ 100 ಗಂಟೆ ದಾಟಿ ಹೆಡ್ ಒಮ್ಮೆಯೂ ಬಿಚ್ಚಿಲ್ಲ ಎಂದು ಹೆಮ್ಮೆಯಿಂದ ಹೇಳಿದರೆ, ಅದು ಹೊಗಳಿಕೆಯ ಮಾತಲ್ಲ. ಎಂಡ್ಯೂರೋ ಎಂಜಿನ್ನು ಇದಕ್ಕಿಂತ ಸಾಧು. ಅದಕ್ಕೇ ಯಮಹಾದಲ್ಲಿ ವೈಝಡ್ಡೋ ಡಬ್ಲ್ಯೂಆರೋ, ಕೆಟಿಎಂನಲ್ಲಿ ಎಸ್‌ಎಕ್ಸೋ ಇಎಕ್ಸ್‌ಸಿಯೋ ಎಂದು ಮೊದಲೇ ಕೇಳಿಕೊಳ್ಳಬೇಕು; ಎರಡರಲ್ಲೂ ಮೊದಲ ಹೆಸರು ಮೋಟೋಕ್ರಾಸ್, ಎರಡನೆಯದು ಎಂಡ್ಯೂರೋ.

ಟೂ-ಸ್ಟ್ರೋಕ್ ಆದರೆ ಒಳಗನ್ನೇ ಕಣ್ಣಾರೆ ನೋಡಬಹುದು. ಎಕ್ಸ್‌ಪಾನ್ಶನ್ ಪೈಪನ್ನು (ಎಂಜಿನ್ ಮುಂದಿನ ಉಬ್ಬಿದ ಹೊಗೆ ಕೊಳವೆ) ಹಿಡಿದಿರುವುದು ಎರಡು ಸ್ಪ್ರಿಂಗು, ಒಂದೆರಡು ಬೋಲ್ಟು. ಹತ್ತು ನಿಮಿಷದ ಕೆಲಸ. ಮಾಲೀಕರ ಒಪ್ಪಿಗೆ ಪಡೆದು ಅದನ್ನು ಬಿಚ್ಚಿ, ಎಕ್ಸಾಸ್ಟ್ ಪೋರ್ಟಿಗೆ ಟಾರ್ಚ್ ಹಿಡಿದು ಕಿಕ್ಕರನ್ನು ಕೈಯಲ್ಲೇ ನಿಧಾನಕ್ಕೆ ಒತ್ತಿ. ಪಿಸ್ಟನ್ನಿನ ಮೈ ಮೇಲೆ ಲೇತಿನಲ್ಲಿ ಬಿದ್ದ ಸಣ್ಣ ಅಡ್ಡ ಗೆರೆಗಳು ಇನ್ನೂ ಕಾಣುತ್ತಿದ್ದರೆ ಜೀವ ಇದೆ. ಉದ್ದುದ್ದ ಗೀರುಗಳಿದ್ದರೆ ಧೂಳು ಅಥವಾ ಸೀಜ್ ಆದದ್ದು. ರಿಂಗಿನ ಕೆಳಗೆ ಕಂದು-ಕಪ್ಪು ಕಲೆ ಹರಡಿದ್ದರೆ ರಿಂಗು ಸವೆದು ಬೆಂಕಿ ಕೆಳಗಿಳಿಯುತ್ತಿದೆ. ಓಡುವಾಗ ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಕೂಗು ಇಳಿಯದೆ ಅಲ್ಲೇ ತೂಗಾಡಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಬಹಳ ಸಲ ಅದು ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್. ಮಿಶ್ರಣ ತೆಳುವಾಗಿ ಪಿಸ್ಟನ್ ಕರಗುವುದು ಇದರಿಂದಲೇ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸಿನ ಎಣ್ಣೆಯನ್ನೇ ಕುಡಿದು ಎಂಜಿನ್ ಬಿಸಿಯಾದ ಮೇಲೂ ಹೊಗೆ ನಿಲ್ಲುವುದಿಲ್ಲ. ತಣ್ಣಗಿದ್ದಾಗ ಟೂ-ಸ್ಟ್ರೋಕ್ ಹೊಗೆ ಬಿಡುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಫೋರ್-ಸ್ಟ್ರೋಕಿನಲ್ಲಿ ಸ್ಟಾರ್ಟ್ ಆದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಥ್ರಾಟಲ್ ಕೊಟ್ಟಾಗಲೆಲ್ಲ ಬಂದರೆ ರಿಂಗ್. ಬಿಳೀ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ ಉರಿಯುತ್ತಿದೆ.

ಸ್ಟಾರ್ಟ್ ಮಾಡುವ ಮೊದಲೇ, ತಣ್ಣಗಿರುವಾಗಲೇ, ರೇಡಿಯೇಟರ್ ಮುಚ್ಚಳ ತೆಗೆದು ನೋಡಿಡಿ. ಬಿಸಿಯಾದ ಮೇಲೆ ಅದಕ್ಕೆ ಕೈ ಹಾಕಬಾರದು. ನೀರಿನ ಮೇಲೆ ಎಣ್ಣೆಯ ಪದರ ಇರಬಾರದು. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿದಾಗ ಗುಳ್ಳೆ ಒಂದೇ ಸಮನೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಆಯಿಲ್ ಕಿಟಕಿಯಲ್ಲಿ ಹಾಲು ಕಾಫಿಯ ಬಣ್ಣ ಕಂಡರೆ ನೀರು ಎಣ್ಣೆಗೆ ಸೇರಿದೆ. ವಾಟರ್ ಪಂಪಿನ ಕೆಳಗೆ ಬೆಂಕಿಕಡ್ಡಿ ಗಾತ್ರದ ಒಂದು ತೂತು ಇರುತ್ತದೆ. ಅದು ಇರುವುದೇ ಸೀಲ್ ಹೋದಾಗ ಒಸರಿ ತಿಳಿಸಲು. ಕೆಲವರು ಆ ತೂತಿಗೇ ಸಿಲಿಕಾನ್ ಮೆತ್ತಿ ಬಾಯಿ ಮುಚ್ಚಿಸಿರುತ್ತಾರೆ. ಕವರಿನ ಅಂಚುಗಳಿಂದ ಹೊರಗೆ ಉಬ್ಬಿ ಬಂದ ಸಿಲಿಕಾನ್, ಮೂಲೆ ಉರುಟಾದ ಬೋಲ್ಟ್ ತಲೆ, ಥ್ರೆಡ್ ಹೋಗಿ ಬೇರೇನೋ ಜಡಿದ ಡ್ರೈನ್ ಪ್ಲಗ್ ಇವೆಲ್ಲ ಕೈ ಹಾಕಿದವರ ಕೈಗುಣ ಹೇಳುತ್ತವೆ.

ಮುಂದಿನ ಸ್ಪ್ರಾಕೆಟ್ಟಿನ ಸುತ್ತ ಟಾರ್ಚ್ ಬಿಟ್ಟು ನಿಧಾನವಾಗಿ ನೋಡಿ. ಚೈನ್ ತುಂಡಾದಾಗ ಅಥವಾ ಹಾರಿದಾಗ ಅಲ್ಲೇ ಸುರುಳಿ ಸುತ್ತಿ ಕೇಸಿಗೆ ಗುದ್ದುತ್ತದೆ. ಬಿರುಕು, ವೆಲ್ಡಿಂಗ್, ಎಪಾಕ್ಸಿ ಮೆತ್ತಿದ ಗುರುತು ಕಂಡರೆ ನಾನು ಸ್ಪ್ಯಾನರ್ ಚೀಲಕ್ಕೆ ಹಾಕಿ ಹೊರಡುತ್ತೇನೆ. ಕೇಸು ಬದಲಿಸುವುದೆಂದರೆ ಎಂಜಿನ್ ಪೂರ್ತಿ ಬಿಚ್ಚುವುದು. ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ ನಟ್ಟ ಹಿಂಭಾಗದಲ್ಲಿ ಹಿಡಿದು ಎಳೆಯಿರಿ. ಅರ್ಧ ಹಲ್ಲು ಬಯಲಾದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಹಾಕಬೇಕು. ಅದು ದೊಡ್ಡ ವಿಷಯವಲ್ಲ. ಸ್ಲೈಡರ್ ರಬ್ಬರ್ ಸವೆದು ಚೈನು, ಹಿಂದಿನ ಚಕ್ರವನ್ನು ಹಿಡಿದ ತೋಳಾದ ಸ್ವಿಂಗ್‌ಆರ್ಮನ್ನೇ ಕೊರೆದಿದ್ದರೆ ಅದು ದೊಡ್ಡ ವಿಷಯ.

ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಎರಡು ಬೆರಳಲ್ಲಿ ಆ ಕಡೆ ಈ ಕಡೆ ತಿರುಗಿಸಿ. ನೇರಕ್ಕೆ ಬಂದಾಗ ಟಕ್ ಎಂದು ಗುಳಿಯಲ್ಲಿ ಕೂತ ಹಾಗೆ ಆದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಹೋಗಿದೆ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಿದಾಗ ಲೊಟಕ್ ಅನ್ನಬಾರದು. ಫೋರ್ಕ್ ಪೈಪಿನ ಉದ್ದಕ್ಕೂ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವ ಗೀರು ಇದ್ದರೆ ಎಷ್ಟು ಸೀಲ್ ಹಾಕಿದರೂ ಹರಿದುಹೋಗುತ್ತದೆ. ಗೀರು ಇಲ್ಲದೆ ಎಣ್ಣೆಯ ಉಂಗುರ ಮಾತ್ರ ಇದ್ದರೆ ಸೀಲಿನ ಕೆಳಗೆ ಸಿಕ್ಕಿದ ಮಣ್ಣೂ ಕಾರಣವಿರಬಹುದು. ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮಣ್ಣು ತೆಗೆದರೆ ಎಷ್ಟೋ ಸಲ ಸೋರುವುದು ನಿಲ್ಲುತ್ತದೆ.

ಹಿಂದಿನ ಲಿಂಕೇಜ್ (ಚಕ್ರದ ತೋಳನ್ನೂ ಶಾಕನ್ನೂ ಜೋಡಿಸುವ ಕೀಲುಗಳು) ಎಲ್ಲರೂ ಮರೆಯುವ ಜಾಗ. ಗಾಡಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಹಿಂದಿನ ಚಕ್ರವನ್ನು ಮೆಲ್ಲಗೆ ಮೇಲಕ್ಕೆತ್ತಿ. ಶಾಕ್ ಒತ್ತುವುದಕ್ಕೆ ಮುಂಚೆ ಚಕ್ರ ಖಾಲಿಯಾಗಿ ಕುಲುಕಿದರೆ ನೀಡಲ್ ಬೇರಿಂಗ್‌ಗಳು ಒಣಗಿವೆ. ಜೋರು ನೀರಿನ ಪ್ರೆಶರಿನಲ್ಲಿ ತೊಳೆದು ಗ್ರೀಸ್ ಹಚ್ಚದ ಗಾಡಿಗಳ ಖಾಯಂ ರೋಗ ಇದು. ಸ್ಟೀರಿಂಗ್ ಹೆಡ್, ಪೆಗ್ಗಿನ ಬ್ರಾಕೆಟ್, ಲಿಂಕೇಜ್ ಕಿವಿ, ಬ್ಯಾಶ್ ಪ್ಲೇಟಿನ (ಎಂಜಿನ್ ತಳ ಕಾಯುವ ತಗಡು) ಹಿಂದೆ ವೆಲ್ಡಿಂಗ್ ಬಿರುಕು ಹುಡುಕಿ. ಹಿಂದೆ ಹತ್ತು ಹೆಜ್ಜೆ ದೂರ ನಿಂತು ನೋಡಿದಾಗ ಮಡ್‌ಗಾರ್ಡು ಚಕ್ರದ ನಡುವಿಗೇ ಇದೆಯೇ? ಓರೆ ಇದ್ದರೆ, ಸೀಟನ್ನು ಹೊರುವ ಹಿಂದಿನ ಚೌಕಟ್ಟು, ಅಂದರೆ ಸಬ್‌ಫ್ರೇಮ್ ಬಾಗಿದೆ.

ಚಕ್ರಕ್ಕೆ ಎರಡು ನಿಮಿಷ ಸಾಕು. ಪ್ಲಾಸ್ಟಿಕ್ ಟೈಯನ್ನು ಫೋರ್ಕಿಗೆ ಕಟ್ಟಿ ತುದಿ ರಿಮ್ಮಿಗೆ ತಾಗುವಂತೆ ಬಿಟ್ಟು ಚಕ್ರ ತಿರುಗಿಸಿ, 2 ಮಿ.ಮೀ. ಗಿಂತ ಹೆಚ್ಚು ಓಲಾಡಬಾರದು. ಕಡ್ಡಿಗಳನ್ನು ಸ್ಪ್ಯಾನರಿನಲ್ಲಿ ತಟ್ಟಿದರೆ ಸುಮಾರಾಗಿ ಒಂದೇ ಸ್ವರ ಬರಬೇಕು, ಮೊಂಡು ಸದ್ದು ಬಂದದ್ದು ಸಡಿಲ. ಡಿಸ್ಕಿನ ಕನಿಷ್ಠ ದಪ್ಪ ಡಿಸ್ಕಿನ ಮೇಲೇ ಕೆತ್ತಿರುತ್ತದೆ.

ಓಡಿಸುವಾಗ ಪಿಕಪ್ಪಿಗೆ ಮರುಳಾಗದೆ ಎರಡು ಪರೀಕ್ಷೆ ಮಾಡಿ. ಮೇಲಿನ ಗೇರಿನಲ್ಲಿ ನಿಧಾನದಿಂದ ಪೂರ್ತಿ ಥ್ರಾಟಲ್ ಕೊಡಿ. ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಸ್ಲಿಪ್. ಆಮೇಲೆ ಪ್ರತಿ ಗೇರಿನಲ್ಲೂ ಜೋರಾಗಿ ಎಳೆದು ತಟ್ಟನೆ ಬಿಡಿ, ಮತ್ತೆ ಎಳೆಯಿರಿ. ಎರಡನೇ ಗೇರಿನ ಮೇಲೆ ವಿಶೇಷ ಗಮನವಿರಲಿ. ಭಾರ ಬಿದ್ದಾಗ ಗೇರು ತಾನಾಗಿ ಹಾರಿದರೆ ಒಳಗಿನ ಡಾಗ್ (ಗೇರುಗಳನ್ನು ಒಂದಕ್ಕೊಂದು ಕಚ್ಚಿಸುವ ಹಲ್ಲು) ಅಥವಾ ಶಿಫ್ಟ್ ಫೋರ್ಕ್ (ಗೇರನ್ನು ಸರಿಸುವ ಕವೆ) ಸವೆದಿದೆ. ಕೇಸು ಬಿಚ್ಚದೆ ಅದು ಸರಿಹೋಗುವುದಿಲ್ಲ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಫೋರ್-ಸ್ಟ್ರೋಕ್ ಇಲ್ಲಿ ಹಟ ಹಿಡಿದರೆ ಮತ್ತೆ ಅದೇ ವಾಲ್ವ್ ಗ್ಯಾಪಿನ ಅನುಮಾನ. ಸೆಲ್ಫ್ ಮತ್ತು ಕಿಕ್ ಎರಡೂ ಇದ್ದರೆ ಎರಡರಲ್ಲೂ ನೋಡಿ.

ಕಾಗದದ ಕೆಲಸ ಕೊನೆಗೆ ಬಿಟ್ಟರೂ ಬಿಟ್ಟುಬಿಡಬೇಡಿ. ಫ್ರೇಮ್ ನಂಬರು ಸ್ಟೀರಿಂಗ್ ಹೆಡ್ ಮೇಲೆ ಗುದ್ದಿರುತ್ತದೆ, ಎಂಜಿನ್ ನಂಬರು ಕೇಸಿನ ಮೇಲೆ. ಸ್ಪರ್ಧೆಯ ಗಾಡಿಗಳಿಗೆ ರಸ್ತೆ ನೋಂದಣಿ ಇಲ್ಲದಿರಬಹುದು. ಆಗ ಮೊದಲ ಖರೀದಿಯ ಬಿಲ್ಲಿನಲ್ಲಿರುವ ನಂಬರಿಗೆ ಹೋಲಿಸಿ. 17 ಅಕ್ಷರಗಳ ಫ್ರೇಮ್ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ. ಬಂದಿದ್ದರೆ ಯಾರೋ ಮನೆಯಲ್ಲಿ ಗುದ್ದಿದ್ದಾರೆ. ನಂಬರಿನ ಸುತ್ತಲಿನ ಲೋಹ ಉಜ್ಜಿದಂತೆ, ಬಣ್ಣ ಅಲ್ಲಿ ಮಾತ್ರ ಹೊಸದಾದಂತೆ ಕಂಡರೂ ಅದೇ ಮಾತು. ಬೆಲೆ ಮಾತಾಡುವುದು ಇದಾದ ಮೇಲೆ, ಬದಲಿಸಬೇಕಾದ ಭಾಗಗಳನ್ನು ಒಂದು ಚೀಟಿಯಲ್ಲಿ ಬರೆದು ಮಾಲೀಕರ ಮುಂದಿಟ್ಟುಕೊಂಡು.