ಮೊದಲು ಬಿಸಿನೀರು, ಆಮೇಲೆ ಕರೆಂಟು: ಮನೆಗೆ ಸೋಲಾರ್ ಹಾಕಿಸುವವರಿಗೆ

ಸೋಲಾರ್ ಹಾಕಿಸಬೇಕು ಅಂದಕೂಡಲೇ ಹೆಚ್ಚಿನವರು ಪ್ಯಾನೆಲ್‌ಗೆ ಕೊಟೇಶನ್ ತರಿಸುತ್ತಾರೆ. ಅದಕ್ಕೂ ಮೊದಲು ಬಚ್ಚಲುಮನೆಯ ಲೆಕ್ಕ ಮುಗಿಸಿಕೊಳ್ಳಿ. 25 ಡಿಗ್ರಿ ಇರುವ 100 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಲು ಗೀಸರ್ ಸುಮಾರು 4 ಯೂನಿಟ್ ಎಳೆಯುತ್ತದೆ. ಕರ್ನಾಟಕದ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ಕೊಡುವುದೂ ಅಷ್ಟೇ. ಅಷ್ಟು ನೀರನ್ನು 2 ಚದರ ಮೀಟರಿನ ವಾಟರ್ ಹೀಟರ್ ಕಲೆಕ್ಟರ್ (ಬಿಸಿಲು ಹೀರಿ ನೀರು ಕಾಯಿಸುವ ಭಾಗ) ನೇರವಾಗಿ ಕಾಯಿಸಿಬಿಡುತ್ತದೆ. ಪ್ಯಾನೆಲ್‌ಗಾದರೆ ಅದರ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಬಿಸಿಲಿನಿಂದ ಕರೆಂಟು ಮಾಡಿ, ಆ ಕರೆಂಟಿನಿಂದ ನೀರು ಕಾಯಿಸುವುದು ದುಬಾರಿ ಸುತ್ತುದಾರಿ.

ವಾಟರ್ ಹೀಟರ್

ಎರಡು ಮೂರು ಮಂದಿಗೆ 100 ಲೀಟರ್, ನಾಲ್ಕೈದು ಮಂದಿಗೆ 200 ಲೀಟರ್ ಸಾಕು. ಗಾಜಿನ ಕೊಳವೆಯದೋ ತಾಮ್ರದ ಫ್ಲಾಟ್ ಪ್ಲೇಟೋ ಎಂಬುದನ್ನು ಬೆಲೆ ನೋಡಿ ತೀರ್ಮಾನಿಸಬೇಡಿ, ನೀರು ನೋಡಿ ತೀರ್ಮಾನಿಸಿ. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರು ಫ್ಲಾಟ್ ಪ್ಲೇಟಿನ ಸಣ್ಣ ತಾಮ್ರದ ಪೈಪುಗಳನ್ನು ಕೆಲವೇ ವರ್ಷಗಳಲ್ಲಿ ಕಟ್ಟಿಸುತ್ತದೆ. ಅಂಥ ನೀರಿಗೆ ಅಗಲ ಬಾಯಿಯ ಗಾಜಿನ ಕೊಳವೆಯೇ ಸರಿ. ನದಿ ನೀರೋ ಮಳೆ ನೀರೋ ಇದ್ದರೆ ಫ್ಲಾಟ್ ಪ್ಲೇಟ್ ಗಟ್ಟಿ ಬಾಳಿಕೆಯದು, ಒಡೆಯುವ ಭಯವೂ ಕಡಿಮೆ.

ಕಲೆಕ್ಟರ್ ದಕ್ಷಿಣಕ್ಕೆ ಮುಖ ಮಾಡಿರಲಿ. ಬೆಂಗಳೂರು, ಮೈಸೂರಿನ ಅಕ್ಷಾಂಶ 12ರಿಂದ 13 ಡಿಗ್ರಿ. ಚಳಿಗಾಲದಲ್ಲಿ ಸೂರ್ಯ ಕೆಳಗಿರುವುದರಿಂದ ಅದಕ್ಕೆ ಇನ್ನೊಂದು 10–15 ಡಿಗ್ರಿ ಸೇರಿಸಿ ಓರೆ ಮಾಡಿಸಿ. ಬಿಸಿನೀರು ಹೆಚ್ಚು ಬೇಕಾಗುವುದು ಡಿಸೆಂಬರ್, ಜನವರಿಯಲ್ಲೇ ತಾನೇ.

ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಕನಿಷ್ಠ ಒಂದಡಿ ಮೇಲಿರಬೇಕು. ಸೋಲಾರ್ ಟ್ಯಾಂಕಿನ ತಲೆಯಿಂದ ಮೇಲೇಳುವ ಗಾಳಿ ಪೈಪು ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಹೋಗಿರಬೇಕು, ಇಲ್ಲದಿದ್ದರೆ ಅದರಿಂದಲೇ ನೀರು ಸುರಿಯುತ್ತದೆ. ಸುರಿಯುತ್ತದೆ ಎಂದು ಅದರ ಬಾಯಿಗೆ ಮುಚ್ಚಳ ಬಿಗಿಯಬೇಡಿ. ಟ್ಯಾಂಕ್ ಖಾಲಿಯಾಗುವಾಗ ಒಳಗೆ ಗಾಳಿ ಹೋಗಲು ದಾರಿ ಸಿಗದೆ ತಗಡು ಒಳಕ್ಕೆ ನುಗ್ಗಿಹೋಗುತ್ತದೆ.

ಬಿಸಿನೀರಿನ ಲೈನಿಗೆ ಸಿಪಿವಿಸಿ ಅಥವಾ ಪಿಪಿಆರ್ ಪೈಪು ಹಾಕಿಸಿ, ಮಾಮೂಲಿ ಪಿವಿಸಿ ಮೆತ್ತಗಾಗಿ ಜೋಲುತ್ತದೆ. ಒಳವ್ಯಾಸ 20 ಮಿ.ಮೀ. ಇರುವ ಪೈಪಿನಲ್ಲಿ ಮೀಟರಿಗೆ ಸುಮಾರು ಮೂರನೇ ಒಂದು ಲೀಟರ್ ನೀರು ನಿಂತಿರುತ್ತದೆ. ಟ್ಯಾಂಕಿನಿಂದ ಬಚ್ಚಲಿಗೆ 20 ಮೀಟರ್ ದೂರವಿದ್ದರೆ ಬೆಳಿಗ್ಗೆ ಆರು ಲೀಟರ್ ತಣ್ಣೀರು ಬಂದ ಮೇಲೆಯೇ ಬಿಸಿನೀರು. ಹಾಗಾಗಿ ಟ್ಯಾಂಕನ್ನು ಬಚ್ಚಲಿನ ನೇರ ಮೇಲೆ ಇರಿಸಲು ನೋಡಿ, ಪೈಪಿಗೆ ಪೂರ್ತಿ ಫೋಮ್ ಸುತ್ತಿಸಿ.

ಗಾಜಿನ ಕೊಳವೆ ಖಾಲಿಯಾಗಿ ಬಿಸಿಲಲ್ಲಿ ಕಾದಿದ್ದಾಗ ತಣ್ಣೀರು ಬಿಟ್ಟರೆ ಪಟಪಟನೆ ಸೀಳುತ್ತದೆ. ಮಧ್ಯಾಹ್ನ ಟ್ಯಾಂಕ್ ಬರಿದಾದರೂ ಸಂಜೆ ಕಳೆದು ಕೊಳವೆ ಆರುವವರೆಗೆ ಕಾಯಿರಿ.

"ಬಿಸಿಲಿದೆ, ನೀರು ಮಾತ್ರ ಉಗುರುಬೆಚ್ಚಗೆ" ಎಂಬ ದೂರಿಗೆ ಬಹಳ ಸಲ ಕಾರಣ ತಾರಸಿಯಲ್ಲಿರುವುದಿಲ್ಲ, ಬಚ್ಚಲಿನ ಮಿಕ್ಸರ್ ನಲ್ಲಿಯಲ್ಲಿರುತ್ತದೆ. ಪ್ರೆಶರ್ ಪಂಪ್ ಇರುವ ಮನೆಯಲ್ಲಿ ತಣ್ಣೀರು ಮಿಕ್ಸರ್ ದಾಟಿ ಬಿಸಿನೀರಿನ ಲೈನಿಗೆ ನುಗ್ಗುತ್ತದೆ. ಕಂಡುಹಿಡಿಯುವುದು ಸುಲಭ: ತಾರಸಿಯಲ್ಲಿ ಸೋಲಾರ್ ಟ್ಯಾಂಕಿನ ಬಿಸಿನೀರಿನ ವಾಲ್ವ್ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿ ತಿರುಗಿಸಿ. ಪೈಪಿನಲ್ಲಿ ಉಳಿದದ್ದು ಹರಿದ ಮೇಲೂ ನೀರು ಬರುತ್ತಲೇ ಇದ್ದರೆ ಅದು ತಣ್ಣೀರಿನ ಲೈನಿನದು. ಒಂದೊಂದೇ ಮಿಕ್ಸರಿನ ಕೆಳಗಿನ ಆಂಗಲ್ ವಾಲ್ವ್ ಮುಚ್ಚುತ್ತ ಹೋದರೆ ಕೆಟ್ಟದ್ದು ಯಾವುದು ಎಂದು ತಿಳಿಯುತ್ತದೆ. ಅದರೊಳಗಿನ ಕಾರ್ಟ್ರಿಜ್ ಬದಲಿಸಿ, ಬಿಸಿನೀರಿನ ಲೈನಿಗೊಂದು ನಾನ್ ರಿಟರ್ನ್ ವಾಲ್ವ್ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಹಾಕಿಸಿ.

ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಬಿಸಿನೀರನ್ನು ನಂಬಿ ಕೂರುವಂತಿಲ್ಲ. ಬಚ್ಚಲೊಲೆ, ಹಂಡೆ ಇದ್ದರೆ ಕಿತ್ತುಹಾಕಬೇಡಿ.

ಕರೆಂಟಿನ ಪ್ಯಾನೆಲ್

ಒಂದು ವರ್ಷದ ಬಿಲ್ ತೆಗೆದು ತಿಂಗಳ ಸರಾಸರಿ ಯೂನಿಟ್ ನೋಡಿ. ಬಿಸಿನೀರಿಗೆ ಸೋಲಾರ್ ಬಂದ ಮೇಲೆ ಗೀಸರಿನ ಪಾಲು ಕಳೆಯಿರಿ. ಉಳಿದದ್ದನ್ನು 120ರಿಂದ ಭಾಗಿಸಿದರೆ ಬೇಕಾದ ಕಿಲೋವ್ಯಾಟ್ ಸಿಗುತ್ತದೆ. 360 ಯೂನಿಟ್‌ಗೆ 3 ಕಿಲೋವ್ಯಾಟ್, ಅಂದರೆ 550 ವ್ಯಾಟಿನ ಆರು ಪ್ಯಾನೆಲ್. ಓಡಾಡುವ ಜಾಗವೂ ಸೇರಿ ಕಿಲೋವ್ಯಾಟಿಗೆ 100 ಚದರ ಅಡಿ ಹಿಡಿಯಿರಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ಸದ್ಯಕ್ಕೆ ಇದರಿಂದ ಬಿಲ್ಲಿನಲ್ಲಿ ಉಳಿಯುವುದೇನೂ ಇಲ್ಲ. ಅಂಥವರು ಸಾಲ ಮಾಡಿ ಪ್ಯಾನೆಲ್ ಹಾಕಿಸಬಾರದು.

2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಕೇಂದ್ರದ ಸಬ್ಸಿಡಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕೂ ಮೇಲ್ಪಟ್ಟಿದ್ದಕ್ಕೆ 78,000 ರೂಪಾಯಿ. ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಬೇಕು. ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ದೇಶದಲ್ಲೇ ತಯಾರಾದದ್ದಾಗಿರಬೇಕು. ನೆಟ್ ಮೀಟರ್ (ನೀವು ಲೈನಿಗೆ ಕೊಟ್ಟದ್ದು, ಲೈನಿನಿಂದ ಪಡೆದದ್ದು ಎರಡನ್ನೂ ಅಳೆಯುವ ಮೀಟರ್) ಕೂತು ಚಾಲೂ ಆದ ಮೇಲೆ ಹಣ ಬ್ಯಾಂಕ್ ಖಾತೆಗೆ ಬರುತ್ತದೆ.

ಒಂದು ಮಾತು ಮೊದಲೇ ಗೊತ್ತಿರಲಿ: ಬ್ಯಾಟರಿ ಇಲ್ಲದ ಆನ್ ಗ್ರಿಡ್ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆ ಬಳಕೆಯ ಎಸಿ ಮಾಡಿ ಬೀದಿ ಲೈನಿಗೆ ಜೋಡಿಸುವ ಪೆಟ್ಟಿಗೆ) ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ, ನೆತ್ತಿಯ ಮೇಲೆ ಸೂರ್ಯನಿದ್ದರೂ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಎಂದೇ ಈ ವ್ಯವಸ್ಥೆ. ಪವರ್ ಕಟ್‌ನಲ್ಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಎರಡೂ ಬೇಕು.

ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೆರಳು ಬೀಳದ ಕಡೆ ಹುಡುಕಿ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಳುವರಿ ತಗ್ಗುತ್ತದೆ. ಪ್ಯಾನೆಲ್ ಕಾದಷ್ಟೂ ಕರೆಂಟು ಕಡಿಮೆ, ಆದ್ದರಿಂದ ತಗಡಿನ ಮಾಡಿಗೆ ಅಂಟಿಸದೆ ಕೆಳಗೆ ನಾಲ್ಕೈದು ಇಂಚು ಗಾಳಿಯಾಡಲು ಬಿಡಿ. ಮಿಂಚು ನಿರೋಧಕಕ್ಕೆ ಬೇರೆಯೇ ಅರ್ಥಿಂಗ್ ಗುಂಡಿ ಇರಲಿ. ಡಿಸಿ ಕನೆಕ್ಟರುಗಳು ಎರಡೂ ಬದಿ ಒಂದೇ ಕಂಪನಿಯವಾಗಿರಲಿ, ಬೇರೆ ಬೇರೆ ಆದರೆ ಸಡಿಲವಾಗಿ ಕೂತು ಕಾದು ಕರಗುತ್ತವೆ.

ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ, ಮೆತ್ತನೆ ಬಟ್ಟೆಯಲ್ಲಿ ಪ್ಯಾನೆಲ್ ತೊಳೆಯಿರಿ. ಗಡಸು ನೀರು ಹಾಗೇ ಒಣಗಿದರೆ ಬಿಳಿ ಕಲೆ ಗಾಜಿಗೆ ಹಿಡಿಯುತ್ತದೆ, ಕೂಡಲೇ ಒರೆಸಿಬಿಡಿ. ರಿಪೇರಿಗೆ ಬಂದವರು ಮೊದಲು ಎಸಿ ಸ್ವಿಚ್, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸ್ವಿಚ್) ಆರಿಸಬೇಕು. ಆರು ಪ್ಯಾನೆಲ್ ಸಾಲಿನಲ್ಲಿ 300 ವೋಲ್ಟಿನಷ್ಟು ಡಿಸಿ ಇರುತ್ತದೆ, ಹಗಲಲ್ಲಿ ಅದು ಆರುವುದೇ ಇಲ್ಲ. ಕರೆಂಟು ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಕಿಡಿ ಹೊತ್ತಿ ಕೈ ಸುಡುತ್ತದೆ.