ಪ್ರೊಸೆಸರ್ ಕಿತ್ತು ಬರದ ಹಾಗೆ ಕಂಪ್ಯೂಟರ್ ಬಿಚ್ಚೋದು ಹೇಗೆ

ಕಂಪ್ಯೂಟರ್ ಬಿಚ್ಚೋಕೆ ಜನ ಹೆದರೋದು ಶಾಕ್ ಹೊಡೆಯತ್ತೆ ಅಂತ. ನಾನು ನೋಡಿರೋ ಹಾಗೆ ಪೆಟ್ಟು ಬೀಳೋದು ಪ್ರೊಸೆಸರ್‌ಗೆ. ಪ್ರೊಸೆಸರ್ ಚಿಪ್ ಮೇಲೆ ಕೂತು ಅದನ್ನ ತಣ್ಣಗಿಡೋ ಕೂಲರ್ ಹಿಡ್ಕೊಂಡು ಸೀದಾ ಮೇಲಕ್ಕೆ ಎಳೀತಾರೆ, ಅದರ ತಳಕ್ಕೆ ಅಂಟ್ಕೊಂಡು ಪ್ರೊಸೆಸರ್ರೂ ಕಿತ್ಕೊಂಡು ಬರತ್ತೆ, ಪಿನ್ನೆಲ್ಲ ಸೊಟ್ಟ. ಇದನ್ನ ಮೂರ್ನಾಲ್ಕು ಸಲ ಕಣ್ಣಾರೆ ನೋಡಿದೀನಿ, ಅದ್ರಲ್ಲಿ ಒಂದು ಸಲ ಎಳೆದವನು ನಾನೇ. ಹಾಗಾಗಿ ಆ ಭಾಗ ಬಂದಾಗ ಜಾಸ್ತಿ ಬರೀತೀನಿ, ಉಳಿದಿದ್ದು ಬೇಗ ಮುಗಿಸೋಣ. ಇದೆಲ್ಲ ಡೆಸ್ಕ್‌ಟಾಪ್‌ಗೆ ಮಾತ್ರ, ಲ್ಯಾಪ್‌ಟಾಪ್ ಕಥೆ ಬೇರೆ.

ಬರೀ ಧೂಳು ತೆಗೀಬೇಕು ಅಂದ್ರೆ ಕೂಲರ್ ಮುಟ್ಟೋದೇ ಬೇಡ. ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನ ಕೂಲರ್‌ಗೆ ದಾಟಿಸೋ ಲೇಪ) ಬದಲಾಯಿಸ್ಬೇಕು ಅಂತಿದ್ರೆ ಮೊದಲು ಫೈಲೆಲ್ಲ ಬ್ಯಾಕಪ್ ಮಾಡ್ಕೊಳ್ಳಿ, ಆಮೇಲೆ ಹತ್ತು ಹದಿನೈದು ನಿಮಿಷ ಯಾವ್ದಾದ್ರೂ ಭಾರಿ ಗೇಮ್ ಓಡಿಸಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಈಗ ಶಟ್‌ಡೌನ್ ಮಾಡಿ, ಹಿಂದೆ ಇರೋ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಡಬ್ಬ) ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನ ಐದಾರು ಸೆಕೆಂಡ್ ಒತ್ತಿ ಹಿಡೀರಿ. ಫ್ಯಾನ್ ಒಂದು ಕ್ಷಣ ಅಲ್ಲಾಡಿದ್ರೆ ಗಾಬರಿ ಬೇಡ, ಉಳಿದಿದ್ದ ಚಾರ್ಜ್ ಖಾಲಿ ಆಯ್ತು ಅಷ್ಟೆ. ಅರ್ಥಿಂಗ್ ಸಿಗ್ಲಿ ಅಂತ ಪ್ಲಗ್ ಹಾಕೇ ಬಿಡಿ ಅನ್ನೋರೂ ಇದ್ದಾರೆ, ನಾನಂತೂ ಒಪ್ಪಲ್ಲ. ಇನ್ನು ಎಸ್‌ಎಂಪಿಎಸ್ ಡಬ್ಬ ಇದ್ಯಲ್ಲ, ಅದನ್ನ ಬಿಚ್ಚಲೇಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟ್ ಮೇಲ್ಪಟ್ಟು ನಿಂತಿರಬಹುದು. ಅದು ಕೆಟ್ರೆ ಹೊಸದು ಹಾಕಿ.

ಸ್ಟ್ಯಾಟಿಕ್, ಅಂದ್ರೆ ಮೈಮೇಲೆ ಕೂತಿರೋ ಚಾರ್ಜ್, ಅದರ ಬಗ್ಗೆ ಒಂದು ಮಾತು. ನಮ್ಮ ಬೆರಳಿಗೆ ಚುರ್ ಅಂತ ಗೊತ್ತಾಗ್ಬೇಕಾದ್ರೇ ಸುಮಾರು 3,000 ವೋಲ್ಟ್ ಬೇಕು, ಚಿಪ್ ಕೆಡೋಕೆ ಅದಕ್ಕಿಂತ ತುಂಬಾ ಕಮ್ಮಿ ಸಾಕು, ಅಂದ್ರೆ ನಮಗೆ ಗೊತ್ತೇ ಆಗ್ದೆ ಕೆಟ್ಟಿರತ್ತೆ. ಆಗಾಗ ಕ್ಯಾಬಿನೆಟ್‌ನ ಪೇಂಟ್ ಇಲ್ಲದ ಲೋಹ ಮುಟ್ತಾ ಇರಿ. ವೈರ್ ಇರೋ ರಿಸ್ಟ್ ಬ್ಯಾಂಡ್ ಒಳ್ಳೇದು, ಆದ್ರೆ ವೈರೇ ಇಲ್ಲದ ಬ್ಯಾಂಡ್ ಮಾರ್ತಾರಲ್ಲ, ಅದು ಶುದ್ಧ ಮೋಸ, ಚಾರ್ಜ್ ಹೋಗೋಕೆ ದಾರಿ ಎಲ್ಲಿದೆ?

ಪ್ಯಾನೆಲ್ ತೆಗೀರಿ, ಯಾವ ಕೇಬಲ್ ಎಲ್ಲಿದೆ ಅಂತ ಫೋಟೋ ಹೊಡ್ಕೊಳ್ಳಿ. ಮುಂದಿನ ಪವರ್ ಬಟನ್ನಿಂದ ಬರೋ ಸಣ್ಣ ವೈರ್‌ಗಳದ್ದು ಹತ್ತಿರದಿಂದ ಇನ್ನೊಂದು ಫೋಟೋ. ಸ್ಕ್ರೂ ಎಲ್ಲ ಒಂದೇ ಡಬ್ಬಕ್ಕೆ ಸುರೀಬೇಡಿ, ಹಾರ್ಡ್ ಡಿಸ್ಕ್‌ದು ದಪ್ಪ ಥ್ರೆಡ್ಡು, 2.5 ಇಂಚಿನ ಎಸ್‌ಎಸ್‌ಡಿದು ಸಣ್ಣ ಥ್ರೆಡ್ಡು, ಅದಲುಬದಲು ಮಾಡಿ ತಿರುಗಿಸಿದ್ರೆ ತೂತೇ ಹಾಳು. ಗ್ರಾಫಿಕ್ಸ್ ಕಾರ್ಡ್ ತೆಗೆಯುವಾಗ ಹಿಂದಿನ ಸ್ಕ್ರೂ ಬಿಚ್ಚಿದ್ರೆ ಸಾಲಲ್ಲ, ಸ್ಲಾಟ್ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಲಾಕ್ ಇರತ್ತೆ, ಅದನ್ನೂ ಒತ್ತಬೇಕು.

ಈಗ ಕೂಲರ್. ಪ್ರೊಸೆಸರ್ ಮತ್ತು ಹೀಟ್ ಸಿಂಕ್ (ಕೂಲರ್‌ನ ಲೋಹದ ಭಾಗ) ಮಧ್ಯೆ ಇರೋ ಪೇಸ್ಟ್ ವರ್ಷಗಟ್ಟಲೆ ಒಣಗಿ ಗೋಂದಿನ ಥರ ಆಗಿರತ್ತೆ, ಬಿಸಿ ಆದ್ರೆ ಮೆತ್ತಗಾಗತ್ತೆ, ಗೇಮ್ ಓಡಿಸಿ ಅಂದಿದ್ದು ಅದಕ್ಕೇ. ಮೊದಲು ಫ್ಯಾನ್ ವೈರ್ ಕೀಳಿ. ನಾಲ್ಕು ಸ್ಕ್ರೂ ಇರೋ ಕೂಲರ್ ಆದ್ರೆ ಮೂಲೆಯಿಂದ ಎದುರು ಮೂಲೆಗೆ ಹೋಗ್ತಾ ಒಂದೊಂದು ಸುತ್ತು ಸಡಿಲ ಮಾಡಿ, ಒಂದನ್ನೇ ಪೂರ್ತಿ ಬಿಚ್ಚಬೇಡಿ. ಇಂಟೆಲ್ ಜೊತೆ ಬರೋ ಕೂಲರ್‌ದು ಪ್ಲಾಸ್ಟಿಕ್ ಪಿನ್, ಬಾಣದ ಗುರುತಿನ ದಿಕ್ಕಿಗೆ ತಿರುಗಿಸಿ ಮೇಲಕ್ಕೆ ಎಳೀಬೇಕು. ಎಲ್ಲ ಬಿಚ್ಚಿದ ಮೇಲೆ ಎತ್ತಬೇಡಿ! ಕೂಲರನ್ನ ಎರಡೂ ಕೈಲಿ ಹಿಡಿದು ಬಾಟಲಿ ಮುಚ್ಚಳ ಸಡಿಲ ಮಾಡೋ ಹಾಗೆ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸ್ತಾ ಇರಿ, ಜಾರೋಕೆ ಶುರುವಾಗಿದ್ದು ಕೈಗೇ ಗೊತ್ತಾಗತ್ತೆ, ಆಗ ಒಂದು ಪಕ್ಕದಿಂದ ನಿಧಾನಕ್ಕೆ ಎತ್ತಿ. ಬರ್ಲಿಲ್ವಾ, ಹೇರ್ ಡ್ರೈಯರ್‌ನಿಂದ ಹೀಟ್ ಸಿಂಕ್‌ಗೆ ಒಂದೆರಡು ನಿಮಿಷ ಬಿಸಿ ಕೊಟ್ಟು ಮತ್ತೆ ತಿರುಗಿಸಿ. ಸ್ಕ್ರೂಡ್ರೈವರ್ ತೂರಿಸಿ ಮೀಟೋ ಬುದ್ಧಿವಂತಿಕೆ ಬೇಡ.

ಎಎಂಡಿ ಕಂಪನಿಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರೋ ಜಾಗ) ಇರೋರು ಇನ್ನೂ ಹುಷಾರಾಗಿರಿ. ಅದ್ರಲ್ಲಿ 1,331 ಪಿನ್ ಪ್ರೊಸೆಸರ್ ಕೆಳಗೇ ಇರತ್ತೆ, ಮೇಲಿಂದ ಒತ್ತಿ ಹಿಡಿಯೋ ಚೌಕಟ್ಟು ಇಲ್ಲ, ಹಾಗಾಗಿ ಪಕ್ಕದ ಲಾಕ್ ಕಡ್ಡಿ, ಅಂದ್ರೆ ಲಿವರ್, ಹಾಕಿದ್ರೂ ಎಳೆದ್ರೆ ಕಿತ್ತೇ ಬರತ್ತೆ. 2022ರಲ್ಲಿ ಬಂದ ಎಎಂ5ನಲ್ಲಿ ಪಿನ್ ಬೋರ್ಡಿಗೆ ಹೋಯ್ತು, ಹಿಡಿಯೋ ಚೌಕಟ್ಟೂ ಬಂತು. ಇಂಟೆಲ್ ಡೆಸ್ಕ್‌ಟಾಪ್‌ಗಳು 2004ರಿಂದಲೇ ಹಾಗೆ, ಅಲ್ಲಿ ಪ್ರೊಸೆಸರ್ ಕಿತ್ತು ಬರೋದು ಅಪರೂಪ, ಆದ್ರೆ ತೆಗೆದ ಮೇಲೆ ಸಾಕೆಟ್ ಒಳಗೆ ಬೆರಳು ತಾಗಿಸಿದ್ರಿ ಅಂದ್ರೆ ಬೋರ್ಡೇ ಹೋಯ್ತು.

ಅಕಸ್ಮಾತ್ ಕಿತ್ತು ಬಂತು ಅನ್ಕೊಳ್ಳಿ, ಹಾಗೇ ಒತ್ತಿ ಕೂರಿಸೋಕೆ ಹೋಗ್ಬೇಡಿ. ಬೆಳಕಿಗೆ ಹಿಡಿದು ಪಿನ್ ಸಾಲುಗಳನ್ನ ನೋಡಿ, ಬಾಗಿದ್ದು ಕಂಡ್ರೆ ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ ತುದಿಯನ್ನ ಆ ಪಿನ್ನಿಗೆ ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಿ. ನನ್ನದು ಆರು ಪಿನ್ ಬಾಗಿತ್ತು, ಇಡೀ ಸಂಜೆ ಹಿಡೀತು, ಆದ್ರೆ ಬದುಕ್ತು. ವಾಪಸ್ ಹಾಕುವಾಗ ಲಿವರ್ ಎತ್ತಿ, ಮೂಲೆಯ ತ್ರಿಕೋನದ ಗುರುತು ಹೊಂದಿಸಿ, ಒತ್ತಡವೇ ಇಲ್ಲದೆ ತಾನಾಗೇ ಇಳೀಬೇಕು.

ಧೂಳು ಹೊಡೆಯೋಕೆ ಬ್ಲೋವರ್ ಅಥವಾ ಬ್ರಶ್ ಸಾಕು, ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಗಾಳಿಗೆ ಗಿರಗಿರ ಅಂತ ತಿರುಗಿದ್ರೆ ಬೇರಿಂಗ್ ಹೋಗತ್ತೆ. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲೇ ಸ್ಟ್ಯಾಟಿಕ್ ಹುಟ್ಟತ್ತೆ.

ಹಳೇ ಪೇಸ್ಟ್ ಒರೆಸೋಕೆ 90 ಪರ್ಸೆಂಟ್ ಮೇಲಿನ ಐಸೊಪ್ರೊಪೈಲ್ ಆಲ್ಕೋಹಾಲ್. ಹೊಸದು ಮಧ್ಯೆ ಒಂದು ಬಟಾಣಿ ಕಾಳಿನಷ್ಟು ಹಾಕಿ ಕೂಲರ್ ಕೂರಿಸಿ, ಅದೇ ಹರಡತ್ತೆ. ಹೊಸ ಕೂಲರ್ ಆದ್ರೆ ತಳದ ಪ್ಲಾಸ್ಟಿಕ್ ಹಾಳೆ ತೆಗೀರಿ, ನಗಬೇಡಿ, ಮರೆಯೋರು ತುಂಬಾ ಜನ. ಕೂಲರ್ ಫ್ಯಾನ್ ವೈರ್ ಚುಚ್ಚೋದು ಮರೆತ್ರೆ ಎಲ್ಲ ವ್ಯರ್ಥ.

ಜೋಡಿಸುವಾಗ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ತಂದು ಹಾಕ್ಬೇಡಿ, ಕನೆಕ್ಟರ್ ಹೊಂದಿದ್ರೂ ಒಳಗಿನ ವೈರಿಂಗ್ ಬೇರೆ ಇರಬಹುದು, ಹಾರ್ಡ್ ಡಿಸ್ಕ್ ಸುಟ್ಟೇ ಹೋಗತ್ತೆ. ಆನ್ ಮಾಡಿದಾಗ ಡಿಸ್ಪ್ಲೇ ಬರ್ಲಿಲ್ಲ ಅಂದ್ರೆ ಬಹಳಷ್ಟು ಸಲ ಮೆಮೊರಿ ಕಡ್ಡಿ, ಅಂದ್ರೆ ರ‍್ಯಾಮ್ ಸರಿಯಾಗಿ ಕೂತಿರಲ್ಲ, ಮತ್ತೆ ಆಫ್ ಮಾಡಿ ಪ್ಲಗ್ ಕಿತ್ತು ಟಕ್ ಅನ್ನೋ ತನಕ ಒತ್ತಿ. ಡಿಡಿಆರ್5 ಅನ್ನೋ ಹೊಸ ಥರದ ಮೆಮೊರಿ ಆದ್ರೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಗೇ ಇರಬಹುದು, ಕಾಯಿರಿ. ಪ್ಯಾನೆಲ್ ಸ್ಕ್ರೂ ಮಾತ್ರ ಈಗಲೇ ಹಾಕ್ಬೇಡಿ, ಬಯೋಸ್‌ಗೆ (ಆನ್ ಆಗುವಾಗ ಸಿಗೋ ಸೆಟ್ಟಿಂಗ್ಸ್ ಪರದೆ) ಹೋಗಿ ಹತ್ತು ನಿಮಿಷ ಟೆಂಪರೇಚರ್ ನೋಡಿ, ಏರ್ತಾನೇ ಹೋದ್ರೆ ಕೂಲರ್ ಒಂದು ಮೂಲೆ ಕೂತಿಲ್ಲ ಅಂತ ಅರ್ಥ.