ಯಹೂದಿ–ಅರಬ್ ಸಂವಾದ ಸಭೆ: ನಡೆಸುವವರಿಗೆ ಸೂಚನೆಗಳು

ಇಸ್ರೇಲಿನ ಜನಸಂಖ್ಯೆಯಲ್ಲಿ ಅರಬರು ಸುಮಾರು ಶೇ. 20ರಷ್ಟಿದ್ದಾರೆ. ಆಸ್ಪತ್ರೆಗಳಲ್ಲಿ, ಔಷಧದ ಅಂಗಡಿಗಳಲ್ಲಿ ಅರಬರೂ ಯಹೂದಿಗಳೂ ಜೊತೆಯಾಗಿ ದುಡಿಯುತ್ತಾರೆ. ಆದರೆ ಮಕ್ಕಳು ಬಹುಪಾಲು ಬೇರೆ ಬೇರೆ ಶಾಲೆಗಳಲ್ಲಿ ಓದುವುದರಿಂದ, ಒಂದು ಮನೆಯಲ್ಲಿ ಹೇಳುವ ಇತಿಹಾಸ ಇನ್ನೊಂದು ಮನೆಗೆ ತಲುಪುವುದೇ ಇಲ್ಲ. ಆ ಮಾತುಕತೆಗೆ ಬೇರೆಯೇ ಜಾಗ ಬೇಕಾಗುತ್ತದೆ.

ಮೊದಲು ಇಬ್ಬರು ನಿರ್ವಾಹಕರನ್ನು ಗೊತ್ತುಮಾಡಿಕೊಳ್ಳಿ: ಒಬ್ಬರು ಯಹೂದಿ, ಒಬ್ಬರು ಅರಬ್, ಇಬ್ಬರಿಗೂ ಸಮಾನ ಅಧಿಕಾರ. ಎರಡೂ ಸಮುದಾಯದವರು ಇಷ್ಟಪಟ್ಟು ಒಟ್ಟಿಗೆ ನೆಲೆಸಿರುವ ನೆವೆ ಶಾಲೋಮ್–ವಾಹತ್ ಅಲ್‌ಸಲಾಮ್ ಗ್ರಾಮದಲ್ಲಿ 1979ರಲ್ಲಿ ಆರಂಭವಾದ ಶಾಂತಿ ಶಾಲೆ ಈ ಕ್ರಮವನ್ನೇ ಅನುಸರಿಸುತ್ತದೆ.

ಹೆಚ್ಚಿನ ಸಭೆಗಳು ಎಡವುವುದು ಭಾಷೆಯಲ್ಲಿ. ಅರಬ್ ಪ್ರಜೆಗಳು ಹೀಬ್ರೂವನ್ನು ಶಾಲೆಯಲ್ಲಿ ಕಲಿತಿರುತ್ತಾರೆ, ಅರೇಬಿಕ್‌ನಲ್ಲಿ ಮಾತಾಡಬಲ್ಲ ಯಹೂದಿಗಳು ಕಡಿಮೆ. ಹಾಗಾಗಿ ಯಾರೂ ಹೇಳದಿದ್ದರೂ ಸಭೆ ಹೀಬ್ರೂವಿಗೆ ಜಾರುತ್ತದೆ, ಅಲ್ಲಿಗೆ ಒಂದು ಪಕ್ಷ ತನ್ನ ಮನೆಯಲ್ಲಿ ಕೂತಂತೆ, ಇನ್ನೊಂದು ಅತಿಥಿಯಂತೆ ಆಗಿಬಿಡುತ್ತದೆ. 2018ರ ಕಾನೂನು ಅರೇಬಿಕ್‌ನ ಅಧಿಕೃತ ಭಾಷೆಯ ಸ್ಥಾನವನ್ನು ತೆಗೆದು 'ವಿಶೇಷ ಸ್ಥಾನ'ಕ್ಕೆ ಇಳಿಸಿದ ಮೇಲೆ ಇದು ಇನ್ನಷ್ಟು ಸೂಕ್ಷ್ಮವಾಗಿದೆ. ಅನುವಾದಕರನ್ನು ಮೊದಲೇ ಕೂರಿಸಿ. ಒಬ್ಬಾಕೆ ಅರೇಬಿಕ್‌ನಲ್ಲಿ ಮಾತು ಶುರುಮಾಡಿದಾಗ ಎದುರಿನವರು ಚಡಪಡಿಸಿ ಅನುವಾದಕರ ಕಡೆ ನೋಡಬಹುದು. ಆಗ ಆಕೆಯನ್ನು ನಡುವೆ ತಡೆಯದೆ, ಮಾತು ಮುಗಿದ ಮೇಲೆ ಪೂರ್ತಿಯಾಗಿ ಅನುವಾದಿಸಿ. ಆ ಎರಡು ನಿಮಿಷ ಅರ್ಥವಾಗದೆ ಕುಳಿತಿರುವುದೂ ಸಂವಾದದ ಭಾಗವೇ ಎಂದು ನಾನು ದೃಢವಾಗಿ ನಂಬುತ್ತೇನೆ.

ನಡುನಡುವೆ ಎರಡೂ ಗುಂಪುಗಳನ್ನು ಪ್ರತ್ಯೇಕವಾಗಿ ಕೂರಿಸಿ. ಎದುರಿಗೆ ಆಡಲಾಗದ ಕೋಪ, ಭಯಗಳು ಅಲ್ಲಿ ಹೊರಬರುತ್ತವೆ.

ಇಸ್ರೇಲ್ ದೇಶ ಸ್ಥಾಪನೆಯಾದ 1948ರ ವಿಷಯವನ್ನು ಮೊದಲ ಭೇಟಿಯಲ್ಲೇ ಎತ್ತಬೇಡಿ, ಹಾಗೆಂದು ಕೊನೆಯವರೆಗೂ ಮುಂದೂಡಲೂಬೇಡಿ. ಯಹೂದಿಗಳಿಗೆ ಅದು ನಾಜಿಗಳು ನಡೆಸಿದ ಹತ್ಯಾಕಾಂಡದ ಬೆನ್ನಿಗೇ ದೊರೆತ ಸ್ವಾತಂತ್ರ್ಯ. ಅರಬರಿಗೆ ಏಳು ಲಕ್ಷದಷ್ಟು ಜನ ನೆಲೆ ಕಳೆದುಕೊಂಡ ನಕ್ಬಾ (ಅರೇಬಿಕ್‌ನಲ್ಲಿ 'ಮಹಾ ದುರಂತ'), ಉಳಿದವರಿಗೆ 1966ರವರೆಗೆ ನಡೆದ ಸೇನಾ ಆಡಳಿತ. ಯಾರ ನೋವು ದೊಡ್ಡದೆಂದು ತೂಗಲು ಹೋಗದೆ, ಪ್ರತಿಯೊಬ್ಬರೂ ತಮ್ಮ ಅಜ್ಜ–ಅಜ್ಜಿ ಆ ವರ್ಷ ಎಲ್ಲಿದ್ದರೆಂದು ಹೇಳಲಿ.

2021ರ ಮೇ ತಿಂಗಳಲ್ಲಿ ಎರಡೂ ಸಮುದಾಯದವರು ವಾಸಿಸುವ ಲೋದ್, ಆಕ್ರೆ ನಗರಗಳಲ್ಲಿ ನೆರೆಹೊರೆಯವರ ನಡುವೆಯೇ ಹಿಂಸೆ ಭುಗಿಲೆದ್ದಿತು. ಅಂಥ ದಿನಗಳಲ್ಲಿ ಸಭೆಯನ್ನು ಮುಂದೂಡಬೇಕಾದರೆ, ಇಬ್ಬರೂ ನಿರ್ವಾಹಕರು ಪ್ರತಿಯೊಬ್ಬ ಸದಸ್ಯರಿಗೂ ಖುದ್ದಾಗಿ ಫೋನ್ ಮಾಡಿ, ಮುಂದಿನ ದಿನಾಂಕವನ್ನು ಅದೇ ಕರೆಯಲ್ಲಿ ತಿಳಿಸಬೇಕು.